ಇಪ್ಪತ್ತು ತಿಂಗಳ ಮಗುವನ್ನು ಹಡಗಿಗೆ ಕರೆದುಕೊಂಡು ಹೋಗಬಹುದಾ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಬರುವ ಫೆಬ್ರವರಿಯಲ್ಲಿ ಮಾವನಿಗೆ 60 ತುಂಬುತ್ತದೆ. ಮುಂಬೈಯಲ್ಲಿರುವ ನಾದಿನಿ ಮನೆಯವರು ಎಲ್ಲರನ್ನೂ ಹಡಗಿನ ಪ್ರವಾಸಕ್ಕೆ ಕರೆಯುತ್ತಿದ್ದಾರೆ. ಒಟ್ಟು ಹನ್ನೊಂದು ಜನ. ಮುಂಬೈಯಿಂದ ಗೋವಾಕ್ಕೆ ಹೋಗಿ ಬರುವ ಎರಡು ರಾತ್ರಿಯ ಕ್ರೂಸ್ ಒಂದು, ಲಕ್ಷದ್ವೀಪಕ್ಕೂ ಹೋಗುವ ಐದು ರಾತ್ರಿಯದು ಇನ್ನೊಂದು. ನನ್ನ ಮಗನಿಗೆ ಆಗ 20 ತಿಂಗಳು. ಆಗುಂಬೆ ಘಾಟಿಯಲ್ಲಿ ಪ್ರತಿ ಸಲ ವಾಂತಿ ಮಾಡುತ್ತಾನೆ. ಜೋಲಿ ಇಲ್ಲದೆ ಮಲಗುವುದಿಲ್ಲ. ಊಟಕ್ಕೆ ಮನೆಯ ಅನ್ನ, ಗಂಜಿಯೇ ಆಗಬೇಕು. ಅತ್ತೆಗೂ ಹೆದರಿಕೆ. ಅವರೆಲ್ಲ ಹೋಗಿ ಬರಲಿ, ನಾನು ಮಗುವಿನ ಜೊತೆ ಮನೆಯಲ್ಲೇ ಉಳಿದುಬಿಡಲಾ ಅನ್ನಿಸುತ್ತಿದೆ. ಏನು ಮಾಡಲಿ?

ಉತ್ತರ:

ಮನೆಯಲ್ಲಿ ಉಳಿಯಬೇಡಿ ಅಮ್ಮ. ಹೋಗಿ. ಆದರೆ ಎರಡು ರಾತ್ರಿಯದಕ್ಕೆ ಹೋಗಿ.

ನಾನು ಶಿವಮೊಗ್ಗದಲ್ಲಿ ಮಕ್ಕಳ ಡಾಕ್ಟರ್ ಆಗಿ ಇಪ್ಪತ್ತೆಂಟು ವರ್ಷ ಆಯಿತು. ಎರಡು ವರ್ಷದ ಹಿಂದೆ ನಮ್ಮ ಮೊಮ್ಮಗಳನ್ನು ಕರೆದುಕೊಂಡು ನಾವೂ ಒಂಬತ್ತು ಜನ ಮುಂಬೈಯಿಂದ ಹಡಗು ಹತ್ತಿದ್ದೆವು. ಆಗ ಅವಳಿಗೆ 22 ತಿಂಗಳು. ಹಾಗಾಗಿ ನಿಮ್ಮ ಪತ್ರ ಓದುವಾಗ ಒಂದೊಂದು ಸಾಲೂ ನನಗೆ ಗೊತ್ತಿರುವ ಮನೆಯದ್ದೇ ಅನ್ನಿಸಿತು.

ನೀವು ಹೆದರಿರುವುದು ಕಡಲಿಗೆ. ಫೆಬ್ರವರಿಯಲ್ಲಿ ನಮ್ಮ ಪಶ್ಚಿಮದ ಕಡಲು ವರ್ಷದಲ್ಲೇ ಶಾಂತವಾಗಿರುವ ದಿನಗಳಲ್ಲಿರುತ್ತದೆ. ಜೂನ್ ಬಂದರೆ ಅದೇ ಕಡಲು ಬೇರೆ. ಜೂನ್ 1ರಿಂದ ಜುಲೈ 31ರವರೆಗೆ ಮಲ್ಪೆಯ ಬೋಟುಗಳು ಮೀನಿಗೇ ಹೋಗುವುದಿಲ್ಲ ಅಲ್ವಾ. ನೀವು ಆರಿಸಿಕೊಂಡ ತಿಂಗಳು ಒಳ್ಳೆಯದೇ. ಇಷ್ಟು ಚಿಕ್ಕ ಮಗುವಿನ ವಿಷಯದಲ್ಲಿ ನನಗೆ ಕಡಲಿಗಿಂತ ಜಾಸ್ತಿ ಚಿಂತೆ ಇರುವುದು ಒಂದೇ. ಹನ್ನೊಂದು ಜನರ ಗುಂಪಿನಲ್ಲಿ ಆ ಗಳಿಗೆಗೆ ಮಗುವನ್ನು ನೋಡಿಕೊಳ್ಳುತ್ತಿರುವವರು ಯಾರು ಅನ್ನುವುದು. ಅದನ್ನು ಮುಂದೆ ವಿವರವಾಗಿ ಹೇಳುತ್ತೇನೆ.

ಮೊದಲು ಯಾವ ಪ್ರವಾಸ ಅನ್ನುವುದನ್ನು ಮುಗಿಸೋಣ. ಲಕ್ಷದ್ವೀಪದ ದ್ವೀಪಗಳಲ್ಲಿ ದೊಡ್ಡ ಹಡಗು ದಡಕ್ಕೆ ಬಂದು ನಿಲ್ಲುವಷ್ಟು ಆಳದ ಬಂದರು ಇಲ್ಲ. ಹಡಗು ದೂರದಲ್ಲೇ ನಿಲ್ಲುತ್ತದೆ. ಅಲ್ಲಿಂದ ಚಿಕ್ಕ ಬೋಟಿಗೆ ಇಳಿಯಬೇಕು. ಇಳಿಯುವ ಜಾಗದಲ್ಲಿ ಬೋಟು ಮೇಲೆ ಕೆಳಗೆ ಆಡುತ್ತಿರುತ್ತದೆ. ಅಲ್ಲಿನ ಸಿಬ್ಬಂದಿ ಕೈಹಿಡಿದು ಇಳಿಸಿಕೊಳ್ಳುತ್ತಾರೆ, ನಿಜ. ಆದರೂ ಒಂದು ಕೈಯಲ್ಲಿ ಒದ್ದಾಡುವ ಮಗು, ಇನ್ನೊಂದು ಕೈಯಲ್ಲಿ ಚೀಲ ಹಿಡಿದು ಆ ಹೆಜ್ಜೆ ಇಡುವುದು ಸುಲಭ ಅಲ್ಲ. ಮೇಲಿಂದ ಆ ಬಿಸಿಲು, ಬಿಳಿ ಮರಳಿನ ಝಳ. ಮಗನಿಗೆ ಐದು ವರ್ಷ ಆಗಲಿ, ಆಗ ಹೋಗಿ. ಅವನಿಗೂ ನೆನಪಿರುತ್ತದೆ.

ಮುಂಬೈ–ಗೋವಾ ಎರಡು ರಾತ್ರಿ ಅಂದರೆ ಮೊದಲ ದಿನ ಹತ್ತುವುದು, ಮಧ್ಯದ ದಿನ ಗೋವಾ, ಮೂರನೇ ದಿನ ಇಳಿಯುವುದು. ಮಗುವಿಗೆ ಹಿಡಿಸದಿದ್ದರೂ ಎರಡೇ ರಾತ್ರಿ. 2021ರಿಂದ ಮುಂಬೈಯಿಂದ ಇಂಥ ಪ್ರವಾಸ ನಡೆಸುತ್ತಿರುವ ಕೊರ್ಡೇಲಿಯಾ ಕಂಪನಿಯ ಎಂಪ್ರೆಸ್ ಹಡಗು 11 ಅಂತಸ್ತಿನದು. ನಮ್ಮ ಕಡೆಯವರು ಹಡಗು ಅಂದ ಕೂಡಲೇ ಸಿಗಂದೂರಿನ ಲಾಂಚನ್ನೇ ದೊಡ್ಡದು ಮಾಡಿ ಊಹಿಸಿಕೊಳ್ಳುತ್ತಾರೆ. ಹಾಗಲ್ಲ ಅದು. ನೀರಿನ ಮೇಲೆ ಇಟ್ಟ ದೊಡ್ಡ ಹೋಟೆಲ್ ಅಂದುಕೊಳ್ಳಿ.

ಇನ್ನು ವಾಂತಿ. ಘಾಟಿಯಲ್ಲಿ ವಾಂತಿ ಮಾಡುವ ಮಗು ಹಡಗಿನಲ್ಲೂ ಮಾಡಲೇಬೇಕು ಅಂತೇನಿಲ್ಲ. ಕಿವಿಯೊಳಗೆ ಮೈಯ ಸಮತೋಲ ನೋಡಿಕೊಳ್ಳುವ ಅಂಗ ಒಂದಿದೆ. ಮೈ ತಿರುಗುತ್ತಿದೆ ಅಂತ ಅದು ಹೇಳುತ್ತದೆ. ಕಾರಿನೊಳಗೆ ಕೂತ ಮಗುವಿನ ಕಣ್ಣಿಗೆ ಮುಂದಿನ ಸೀಟಿನ ಬೆನ್ನು ಮಾತ್ರ ಕಾಣುತ್ತದೆ, ಅದು ಅಲುಗಾಡುತ್ತಿಲ್ಲ. ಕಿವಿ ಒಂದು ಹೇಳುತ್ತದೆ, ಕಣ್ಣು ಇನ್ನೊಂದು. ಆ ಗೊಂದಲಕ್ಕೇ ಹೊಟ್ಟೆ ತೊಳೆಸುವುದು. ಆಗುಂಬೆಯ 14 ತಿರುವಿನಲ್ಲಿ ಇದು ಒಂದರ ಹಿಂದೆ ಒಂದು ಬರುತ್ತದೆ. ಹಡಗಿನ ಓಲಾಟ ನಿಧಾನ. ದೊಡ್ಡ ಹಡಗಿಗೆ ನೀರಿನೊಳಗೆ ಎರಡು ಪಕ್ಕದಲ್ಲೂ ರೆಕ್ಕೆಯಂಥ ಸಾಧನ ಇರುತ್ತದೆ, ಅದು ಓಲಾಟವನ್ನು ಇನ್ನೂ ತಗ್ಗಿಸುತ್ತದೆ. ಮೊದಲ ರಾತ್ರಿ ನಮ್ಮ ಮೊಮ್ಮಗಳು ತೊಟ್ಟಿಲಲ್ಲಿ ಮಲಗಿದ ಹಾಗೆ ಮಲಗಿದಳು. ವಾಂತಿ ಆಗಿದ್ದು ಅವಳ ಅಪ್ಪನಿಗೆ. ಎರಡು ವರ್ಷದ ಒಳಗಿನ ಮಕ್ಕಳಿಗೆ ಈ ತೊಂದರೆ ಕಡಿಮೆ. ಎರಡರಿಂದ ಹನ್ನೆರಡರವರೆಗೆ ಜಾಸ್ತಿ. ನಿಮ್ಮ ಮಗ ಸ್ವಲ್ಪ ಮೊದಲೇ ಶುರು ಮಾಡಿದ್ದಾನೆ, ಹಾಗಾಗಿ ಜಾಗ್ರತೆ ಮಾಡೋಣ.

ಕ್ಯಾಬಿನ್ ಬುಕ್ ಮಾಡುವಾಗಲೇ ಹಡಗಿನ ಮಧ್ಯಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಕೇಳಿ. ಘಾಟಿಯಲ್ಲಿ ಬಸ್ಸಿನ ಹಿಂದಿನ ಸೀಟಿನವರಿಗೆ ಆಗುವ ಪಾಡು ನಡುವಿನ ಸೀಟಿನವರಿಗೆ ಆಗುವುದಿಲ್ಲ ಅಲ್ವಾ, ಇದೂ ಹಾಗೇ. ಹೊಟ್ಟೆ ಪೂರ್ತಿ ಖಾಲಿಯೂ ಬೇಡ, ಬಿರಿಯುವಷ್ಟೂ ಬೇಡ. ಮಂಕಾದ ಹಾಗೆ, ಬೆವರಿದ ಹಾಗೆ ಕಂಡರೆ ತೆರೆದ ಡೆಕ್ಕಿಗೆ ಕರೆದುಕೊಂಡು ಹೋಗಿ ದೂರದ ಬಾನಂಚು ತೋರಿಸಿ. ಮೊಬೈಲ್ ಕೊಡಬೇಡಿ, ಅದು ಜಾಸ್ತಿಯೇ ಮಾಡುತ್ತದೆ.

ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ನಮ್ಮ ಕಡೆ ಘಾಟಿ ಇಳಿಯುವ ಮುಂಚೆ ಅವೋಮಿನ್ ಮಾತ್ರೆ ನುಂಗುವುದು ಎಲ್ಲರಿಗೂ ರೂಢಿ. ದೊಡ್ಡವರು ಒಂದು ನುಂಗಿ, ಮಗುವಿಗೆ ಕಾಲು ಮಾತ್ರೆ ಮುರಿದು ಜೇನಿನಲ್ಲಿ ತೇದು ಕೊಡುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಎರಡು ವರ್ಷದ ಒಳಗಿನ ಮಗುವಿಗೆ ಅದನ್ನು ಕೊಡಲೇಬಾರದು. ಅದರಲ್ಲಿರುವ ಪ್ರೊಮೆಥಾಜಿನ್ ಚಿಕ್ಕ ಮಕ್ಕಳ ಉಸಿರಾಟವನ್ನೇ ತಗ್ಗಿಸಿಬಿಡಬಹುದು. ಕಾಲು ಮಾತ್ರೆಯೂ ಬೇಡ, ಚೂರೂ ಬೇಡ. ಅತ್ತೆಗೂ ಇದನ್ನು ಹೇಳಿಡಿ. ಯಾಕೆಂದರೆ ಮಗು ಸಂಕಟಪಡುವಾಗ ಪ್ರೀತಿಯಿಂದಲೇ ಕೊಟ್ಟುಬಿಡುತ್ತಾರೆ.

ಮುಂಬೈಗೆ ತಲುಪುವುದು ಹಡಗಿಗಿಂತ ಕಷ್ಟ. ನಿಮ್ಮ ಊರಿನಿಂದ ಎರಡು ದಾರಿ. ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದಿಂದ 2023ರ ಆಗಸ್ಟ್ ಕೊನೆಯಲ್ಲಿ ಬೆಂಗಳೂರಿಗೆ ವಿಮಾನ ಶುರುವಾಯಿತು. ಅಲ್ಲಿ ಇಳಿದು ಇನ್ನೊಂದು ವಿಮಾನ ಹತ್ತಬೇಕು. ಇಲ್ಲವೇ ಘಾಟಿ ಇಳಿದು ಉಡುಪಿಯಲ್ಲಿ ಮತ್ಸ್ಯಗಂಧ ರೈಲು ಹತ್ತಿದರೆ ಮಾರನೇ ದಿನ ಬೆಳಿಗ್ಗೆ ಮುಂಬೈ. ನಾನಾದರೆ ರೈಲು ಹಿಡಿಯುತ್ತೇನೆ. ಕೆಳಗಿನ ಬರ್ತಿನಲ್ಲಿ ಮಗು ಕಾಲುಚಾಚಿ ಮಲಗುತ್ತದೆ, ಎದ್ದರೆ ಓಡಾಡುತ್ತದೆ, ಕಿಟಕಿಯಲ್ಲಿ ಸುರಂಗ ನೋಡುತ್ತದೆ. ಘಾಟಿಯನ್ನು ಅವನು ನಿದ್ದೆ ಮಾಡುವ ಹೊತ್ತಿಗೆ ಸರಿಯಾಗಿ ಇಳಿಯಿರಿ. ನಿದ್ದೆಯಲ್ಲಿರುವ ಮಗು ವಾಂತಿ ಮಾಡುವುದು ಕಡಿಮೆ. ವಿಮಾನದಲ್ಲೇ ಹೋಗುವುದಾದರೆ ಮೇಲೇರುವಾಗ, ಇಳಿಯುವಾಗ ಏನಾದರೂ ಕುಡಿಸುತ್ತಿರಿ, ಕಿವಿ ನೋಯುವುದಿಲ್ಲ.

ಯಾವ ದಾರಿಯಲ್ಲಿ ಹೋದರೂ ಒಂದು ದಿನ ಮುಂಚೆ ಮುಂಬೈ ಸೇರಿ ನಾದಿನಿ ಮನೆಯಲ್ಲಿ ಉಳಿಯಿರಿ. ಹಡಗು ಯಾರಿಗೂ ಕಾಯುವುದಿಲ್ಲ. ಬಂದರಿನಲ್ಲಿ ಸಾಮಾನಿನ ಸಾಲು, ತಪಾಸಣೆಯ ಸಾಲು, ಚೀಟಿಯ ಸಾಲು ಅಂತ ಎರಡು ಮೂರು ಗಂಟೆ ಹಿಡಿಯಬಹುದು. ಸಾಮಾನ್ಯವಾಗಿ ಅದು ಮಧ್ಯಾಹ್ನವೇ, ಅಂದರೆ ಸರಿಯಾಗಿ ಮಗುವಿನ ನಿದ್ದೆಯ ಹೊತ್ತು. ದೊಡ್ಡ ಚೀಲವನ್ನು ಬಂದರಿನಲ್ಲೇ ತೆಗೆದುಕೊಂಡು ಆಮೇಲೆ ಕ್ಯಾಬಿನ್ನಿಗೆ ಕಳಿಸುತ್ತಾರೆ. ಹಾಗಾಗಿ ಆರು ಗಂಟೆಗಳ ಕಾಲಕ್ಕೆ ಸಾಕಾಗುವ ಡೈಪರ್, ಎರಡು ಜೊತೆ ಬಟ್ಟೆ, ತಿಂಡಿ, ಔಷಧಿ, ಅವನು ತಬ್ಬಿಕೊಂಡು ಮಲಗುವ ಬಟ್ಟೆ ಕೈಚೀಲದಲ್ಲೇ ಇರಲಿ. ಮಗುವಿನ ಆಧಾರ್ ಮಾಡಿಸಿಲ್ಲದಿದ್ದರೆ ಈಗಲೇ ಮಾಡಿಸಿ, ಜನನ ಪ್ರಮಾಣಪತ್ರವನ್ನೂ ಇಟ್ಟುಕೊಳ್ಳಿ.

ಜೋಲಿಯ ವಿಷಯ ಓದಿ ನನಗೆ ನಗು ಬಂತು, ನಮ್ಮ ಮೊಮ್ಮಗಳದ್ದೂ ಅದೇ ಕಥೆ. ಸೀರೆ ಜೋಲಿ ಕಟ್ಟಲು ಹಡಗಿನಲ್ಲಿ ತೊಲೆ ಇಲ್ಲ, ಕೊಕ್ಕೆಯೂ ಇಲ್ಲ. ಬಟ್ಟೆ ತೂಗುಹಾಕುವ ಸಣ್ಣ ಕೊಂಡಿಗೆ ಕಟ್ಟಲು ಹೋಗಬೇಡಿ, ಅದು ಮಗುವಿನ ಭಾರ ತಡೆಯುವುದಿಲ್ಲ. ಇನ್ನೂ ಸಮಯ ಇದೆ, ಮನೆಯಲ್ಲೇ ಬಿಡಿಸಿ. ನಾವು ಮಾಡಿದ್ದು ಹೀಗೆ. ಮೊದಲ ವಾರ ಜೋಲಿಯಲ್ಲಿ ತೂಗಿ, ಪೂರ್ತಿ ನಿದ್ದೆ ಹತ್ತುವ ಮುಂಚೆಯೇ ಎತ್ತಿ ಹಾಸಿಗೆಯಲ್ಲಿ ಮಲಗಿಸುವುದು. ಎರಡನೇ ವಾರ ಮಧ್ಯಾಹ್ನದ ನಿದ್ದೆ ಪೂರ್ತಿ ಹಾಸಿಗೆಯಲ್ಲಿ. ಮೂರನೇ ವಾರ ರಾತ್ರಿಯದೂ. ಮೊದಲ ಮೂರು ದಿನ ಅಳು ಜಾಸ್ತಿ ಇರುತ್ತದೆ, ಹೆದರಬೇಡಿ. ಬೆನ್ನು ತಟ್ಟುತ್ತಾ ಅದೇ ಲಾಲಿ ಹಾಡು ಹೇಳುತ್ತಿರಿ. ಆಮೇಲೆ ಅದೇ ಜೋಲಿಯ ಸೀರೆಯನ್ನು ಹಡಗಿನ ಹಾಸಿಗೆಯ ಮೇಲೆ ಹಾಸಿ. ಆ ವಾಸನೆಗೇ ಮಗುವಿಗೆ ಅರ್ಧ ಧೈರ್ಯ ಬರುತ್ತದೆ. ನಮ್ಮ ಮಗಳ ನೀಲಿ ಸೀರೆಯ ಅಂಚನ್ನು ಮುಷ್ಟಿಯಲ್ಲಿ ಹಿಡಿದೇ ಮೊಮ್ಮಗಳು ಎರಡೂ ರಾತ್ರಿ ಮಲಗಿದಳು.

ಮಗುವಿಗೆ ಕಟಕಟೆ ಇರುವ ಚಿಕ್ಕ ಮಂಚ ಬೇಕು ಅಂತ ಬುಕ್ ಮಾಡುವಾಗಲೇ ಹೇಳಿ. ಹತ್ತಿದ ಮೇಲೆ ಕೇಳಿದರೆ ಎಲ್ಲ ಬೇರೆಯವರಿಗೆ ಹೋಗಿರುತ್ತವೆ. ಗೋಡೆಗೆ ಮಡಚುವ ಮೇಲಿನ ಮಂಚದಲ್ಲಿ ಈ ವಯಸ್ಸಿನ ಮಗುವನ್ನು ಮಲಗಿಸಬಾರದು, ದೊಡ್ಡವರ ಪಕ್ಕದಲ್ಲಿದ್ದರೂ ಬೇಡ. ಕಿಟಕಿ ಇಲ್ಲದ ಒಳಗಿನ ಕ್ಯಾಬಿನ್ ಅಗ್ಗ, ನಿದ್ದೆಗೂ ಒಳ್ಳೆಯದು. ಆದರೆ ದೀಪ ಆರಿಸಿದರೆ ಕೈಗೆ ಕೈ ಕಾಣುವುದಿಲ್ಲ. ಮಗು ನಡುರಾತ್ರಿ ಎದ್ದರೆ ಕಂಗಾಲಾಗುತ್ತದೆ. ಒಂದು ಸಣ್ಣ ಬ್ಯಾಟರಿ ದೀಪ ಇಟ್ಟುಕೊಳ್ಳಿ.

ಊಟಕ್ಕೆ ಅಷ್ಟು ಚಿಂತೆ ಬೇಡ. ನಮ್ಮ ಜನರೇ ಜಾಸ್ತಿ ಇರುವ ಹಡಗಿನಲ್ಲಿ ಅನ್ನ, ಬೇಳೆ, ಮೊಸರು, ಇಡ್ಲಿ, ಬಾಳೆಹಣ್ಣು ಸಿಗುತ್ತವೆ. ಮನೆಯಲ್ಲಿ ಮಾಡಿದ ಅಡುಗೆಯನ್ನು ಒಳಗೆ ಬಿಡುವುದಿಲ್ಲ. ಬೆಂಕಿಯ ಭಯಕ್ಕೆ ಕೆಟಲ್, ಕುಕ್ಕರ್ ಕೂಡ ಬಿಡುವುದಿಲ್ಲ. ಹಾಗಾಗಿ ಕ್ಯಾಬಿನ್ನಿನಲ್ಲಿ ಗಂಜಿ ಕಾಯಿಸುವ ಯೋಚನೆ ಬಿಟ್ಟುಬಿಡಿ. ಮಗುವಿನ ಆಹಾರ ಸೀಲ್ ಆಗಿರುವ ಪೊಟ್ಟಣದಲ್ಲಿದ್ದರೆ ಸಾಮಾನ್ಯವಾಗಿ ತಕರಾರು ಇಲ್ಲ. ಊಟದ ಕೋಣೆಯ ಸಿಬ್ಬಂದಿಗೆ, ಖಾರ ಹಾಕದ ಅನ್ನವನ್ನು ಇನ್ನೂ ಮೆತ್ತಗೆ ಬೇಯಿಸಿಕೊಡಿ ಅಂತ ಮೊದಲ ಊಟದಲ್ಲೇ ಹೇಳಿದರೆ ಮುಂದಿನ ಊಟಕ್ಕೆ ಮಾಡಿಕೊಡುತ್ತಾರೆ. ಅತ್ತೆ ಅದಕ್ಕೆ ತುಪ್ಪ ಹಾಕಿ ಕೈಯಲ್ಲಿ ಕಿವುಚಿದರೆ ಅವನಿಗೆ ಅದೇ ಮನೆಯ ಅನ್ನ. ಎರಡು ದಿನ ಸ್ವಲ್ಪ ಕಡಿಮೆ ತಿಂದರೂ ಏನೂ ಆಗುವುದಿಲ್ಲ, ನೀರು ಕುಡಿಯುತ್ತಿದ್ದಾನಾ ಅನ್ನುವುದನ್ನು ಮಾತ್ರ ನೋಡಿ. ಬಫೆಯಲ್ಲಿರುವ ಇಡೀ ದ್ರಾಕ್ಷಿ, ಕಡಲೆಬೀಜ, ಗೋಡಂಬಿ, ಪಾಪ್‌ಕಾರ್ನ್ ಅವನ ಕೈಗೆ ಸಿಗದ ಹಾಗೆ ಇರಲಿ, ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ದ್ರಾಕ್ಷಿ ಕೊಡುವುದಾದರೆ ಉದ್ದಕ್ಕೆ ನಾಲ್ಕು ಸೀಳು ಮಾಡಿ.

ಈಗ ನಾನು ಮೊದಲು ಹೇಳಿದ ಮಾತಿಗೆ ಬರುತ್ತೇನೆ. ಇದನ್ನು ಮನೆಯವರೆಲ್ಲರಿಗೂ ಓದಿ ಹೇಳಿ.

ಶರಾವತಿ ಹಿನ್ನೀರಿನ ಮೇಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಓಡಾಟಕ್ಕೆ ತೆರೆದಿದ್ದು 2025ರ ಜುಲೈಯಲ್ಲಿ. ಅದಕ್ಕೂ ಮುಂಚೆ ಸಿಗಂದೂರಿಗೆ ಹೊಳೆಬಾಗಿಲಿನಿಂದ ಲಾಂಚಿನಲ್ಲೇ ಹೋಗಬೇಕಿತ್ತು. ಆ ಲಾಂಚಿನಲ್ಲಿ ಯಾವ ತಾಯಿಯೂ ಮಗುವಿನ ಕೈ ಬಿಡುತ್ತಿರಲಿಲ್ಲ. ಪಕ್ಕದಲ್ಲೇ ಶರಾವತಿ ಕಾಣುತ್ತಿತ್ತು, ಹೆದರಿಕೆ ತಾನಾಗಿಯೇ ಇರುತ್ತಿತ್ತು. ದೊಡ್ಡ ಹಡಗಿನಲ್ಲಿ ಹಾಗಿಲ್ಲ. ನೆಲಕ್ಕೆ ಜಮಖಾನ, ಗೋಡೆಗೆ ಚಿತ್ರ, ಎಲ್ಲ ಕಡೆ ದೀಪ. ನೀರಿನ ಮೇಲಿದ್ದೇವೆ ಅನ್ನುವುದೇ ಮರೆತುಹೋಗುತ್ತದೆ. ಜೊತೆಗೆ ಮನೆಯವರೇ ಹತ್ತು ಜನ ಸುತ್ತ ಇರುತ್ತಾರೆ. ಅತ್ತೆ ನೋಡುತ್ತಿದ್ದಾರೆ ಅಂತ ನೀವು, ನೀವು ನೋಡುತ್ತಿದ್ದೀರಿ ಅಂತ ಅತ್ತೆ, ಇಬ್ಬರೂ ಇದ್ದಾರಲ್ಲ ಅಂತ ನಿಮ್ಮ ಯಜಮಾನರು. ಮದುವೆ ಮನೆಯಲ್ಲಿ ಮಗು ಬಾವಿಕಟ್ಟೆ ಹತ್ತಿರ ಹೋಗುವುದೂ ಹೀಗೇ.

ನಮಗೆ ಆಗಿದ್ದನ್ನು ಹೇಳುತ್ತೇನೆ. ಎರಡನೇ ದಿನ ಸಂಜೆ ಐದು ಗಂಟೆ. ಎಲ್ಲರೂ ಮೇಲಿನ ಡೆಕ್ಕಿನಲ್ಲಿ ಚಹಾ ಕುಡಿಯುತ್ತಿದ್ದೆವು. ಮಗಳು ಫೋಟೋ ತೆಗೆಯುತ್ತಿದ್ದಳು. ನಾನು ನಮ್ಮ ಬೀಗಿತ್ತಿಯ ಜೊತೆ ಮಾತಾಡುತ್ತಿದ್ದೆ. ಮೊಮ್ಮಗಳು ನನ್ನ ಕುರ್ಚಿಯ ಹಿಂದೆಯೇ ಇದ್ದಾಳೆ ಅಂದುಕೊಂಡಿದ್ದೆ. ತಿರುಗಿ ನೋಡಿದರೆ ಇಲ್ಲ. ಹತ್ತು ಹೆಜ್ಜೆ ಆಚೆ ಈಜುಕೊಳದ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. ಒಂದು ಅಂಗೈಯನ್ನು ನೀರಿನ ಮೇಲೆ ಪಟಪಟ ಹೊಡೆಯುತ್ತಿದ್ದಳು. ಇನ್ನೊಂದು ಕೈಯಲ್ಲಿ ನಾನು ಕೊಟ್ಟ ಬಿಸ್ಕತ್ತು ಹಾಗೇ ಇತ್ತು. ಹಿಂದಿನಿಂದ ಹೋಗಿ ಎತ್ತಿಕೊಂಡೆ. ಅವಳಿಗೆ ಏನೂ ಆಗಲಿಲ್ಲ. ನನ್ನ ಕೈ ಮಾತ್ರ ಬಹಳ ಹೊತ್ತು ನಡುಗುತ್ತಿತ್ತು. ನೀರಿಗೆ ಬಿದ್ದ ಚಿಕ್ಕ ಮಗು ಕೂಗುವುದಿಲ್ಲ, ಕೈ ಬೀಸುವುದೂ ಇಲ್ಲ. ಸದ್ದೇ ಇಲ್ಲದೆ ಮುಳುಗುತ್ತದೆ, ಅದಕ್ಕೆ ಒಂದೆರಡು ನಿಮಿಷ ಸಾಕು. ಡಾಕ್ಟರ್ ಆಗಿ ನನಗೆ ಇದು ಗೊತ್ತಿತ್ತು. ಗೊತ್ತಿದ್ದೂ ಮೈಮರೆತಿದ್ದೆ.

ಅವತ್ತು ರಾತ್ರಿಯೇ ಒಂದು ಕ್ರಮ ಮಾಡಿಕೊಂಡೆವು. ಮಗುವಿನ ಚೀಲ ಯಾರ ಹೆಗಲ ಮೇಲಿದೆಯೋ ಅವರದ್ದು ಪಾಳಿ. ಒಬ್ಬರೇ. ಅವರು ಫೋನ್ ನೋಡುವುದಿಲ್ಲ, ಹರಟೆಗೆ ಕೂರುವುದಿಲ್ಲ. ಅರ್ಧ ಗಂಟೆಗೋ ಮುಕ್ಕಾಲು ಗಂಟೆಗೋ ಬದಲು. ಬದಲಾಗುವಾಗ ಚೀಲವನ್ನು ಕೈಗೆ ಕೊಟ್ಟು "ಈಗ ನಿನ್ನದು" ಅನ್ನಬೇಕು. ಆ ಕಡೆಯವರು "ಹ್ಞೂಂ, ನನ್ನದು" ಅಂತ ಬಾಯಿಬಿಟ್ಟು ಹೇಳಬೇಕು. ಸುಮ್ನೆ ತಲೆ ಆಡಿಸಿದರೆ ಲೆಕ್ಕ ಇಲ್ಲ. ನೀವು ಇದನ್ನು ಹಡಗು ಹತ್ತುವ ಮೊದಲೇ, ನಾದಿನಿ ಮನೆಯಲ್ಲೇ ಶುರು ಮಾಡಿ.

ಡೈಪರ್ ಹಾಕುವ ಮಕ್ಕಳನ್ನು ಹಡಗಿನ ಕೊಳಕ್ಕೆ ಸಾಮಾನ್ಯವಾಗಿ ಇಳಿಸಿಕೊಳ್ಳುವುದಿಲ್ಲ. ನೀರು ಕೆಡುತ್ತದೆ ಅಂತ. ಅಳುತ್ತಾನೆ ಅಂತ ಕಾಲು ಅದ್ದಿಸಲೂ ಹೋಗಬೇಡಿ. ಬಾತ್‌ರೂಮಿನಲ್ಲಿ ಮಗ್ಗಿನಿಂದ ನೀರು ಹುಯ್ದು ಆಡಿಸಿ. ಬಾಲ್ಕನಿ ಇರುವ ಕ್ಯಾಬಿನ್ ಆದರೆ ಅಲ್ಲಿನ ಕುರ್ಚಿ, ಟೀಪಾಯಿ ಮೊದಲ ದಿನವೇ ಒಳಗೆ ತಂದಿಡಿಸಿ. ಕಟಕಟೆ ಎತ್ತರವೇ ಇರುತ್ತದೆ, ಕುರ್ಚಿ ಹತ್ತಿದ ಮಗುವಿಗೆ ಮಾತ್ರ ಅದು ಎತ್ತರ ಅಲ್ಲ.

ಇನ್ನೊಂದು ಅಪಾಯ ಯಾರೂ ಹೇಳುವುದಿಲ್ಲ: ಬಾಗಿಲು. ಹಡಗಿನ ಬಾಗಿಲುಗಳು ಭಾರ. ಹಡಗು ಸ್ವಲ್ಪ ವಾಲಿದರೆ ತಾವಾಗಿಯೇ ಬೀಸಿ ಬಂದು ಮುಚ್ಚಿಕೊಳ್ಳುತ್ತವೆ. ಮೊಮ್ಮಗಳ ಉಂಗುರದ ಬೆರಳು ಬಾತ್‌ರೂಮ್ ಬಾಗಿಲಿನ ಸಂದಿಗೆ ಸಿಕ್ಕಿತು. ಮೂಳೆಗೆ ಪೆಟ್ಟಾಗಲಿಲ್ಲ. ಉಗುರು ನೇರಳೆ ಬಣ್ಣಕ್ಕೆ ತಿರುಗಿ ಮೂರು ವಾರಕ್ಕೆ ಬಿದ್ದುಹೋಯಿತು. ಆಮೇಲೆ ಬಾಗಿಲಿನ ಮೇಲಂಚಿಗೆ ಟವೆಲ್ ಮಡಚಿ ಹಾಕಿದೆವು. ಆಗ ಬಾಗಿಲು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ನೀವು ಕ್ಯಾಬಿನ್ನಿಗೆ ಕಾಲಿಟ್ಟ ತಕ್ಷಣ ಮಾಡುವ ಮೊದಲ ಕೆಲಸ ಇದಾಗಲಿ. ಬಾತ್‌ರೂಮಿನ ಹೊಸ್ತಿಲು ಎತ್ತರ ಇರುತ್ತದೆ, ಹಿರಿಯರು ಎಡವುತ್ತಾರೆ. ಮಾವನಿಗೂ ಹೇಳಿ.

ಹತ್ತಿದ ದಿನವೇ ಸುರಕ್ಷತೆಯ ಕವಾಯತು ಇರುತ್ತದೆ. ಏಳು ಸಲ ಚಿಕ್ಕದು, ಒಂದು ಸಲ ಉದ್ದ ಸೈರನ್ ಹೊಡೆಯುತ್ತಾರೆ. ಮಗು ಬೆಚ್ಚಿಬೀಳುತ್ತದೆ, ಕಿವಿ ಮುಚ್ಚಿ ಎದೆಗೆ ಒತ್ತಿಕೊಳ್ಳಿ. ತಪ್ಪಿಸಿಕೊಳ್ಳಬೇಡಿ. ದೊಡ್ಡವರ ಲೈಫ್ ಜಾಕೆಟ್ ಮಗುವಿನ ತಲೆಯಿಂದ ಜಾರಿಹೋಗುತ್ತದೆ. ಚಿಕ್ಕ ಮಕ್ಕಳ ಅಳತೆಯದ್ದನ್ನು ಇಡಬೇಕು ಅಂತ ಹಡಗುಗಳಿಗೆ ಅಂತರರಾಷ್ಟ್ರೀಯ ನಿಯಮವೇ ಇದೆ. ಕೇಳಿ ತರಿಸಿಕೊಂಡು ಒಮ್ಮೆ ತೊಡಿಸಿ ನೋಡಿ.

ಕಾಯಿಲೆಯ ವಿಷಯ. ನೂರಾರು ಜನ ಒಂದೇ ಕಡೆ ಉಣ್ಣುವಾಗ ವಾಂತಿಭೇದಿ ಬೇಗ ಹರಡುತ್ತದೆ. ಅದಕ್ಕೆ ಕಾರಣವಾಗುವ ನೊರೊವೈರಸ್ ಸ್ಯಾನಿಟೈಸರ್‌ಗೆ ಅಷ್ಟಾಗಿ ಬಗ್ಗುವುದಿಲ್ಲ. ಸೋಪು ಹಚ್ಚಿ 20 ಸೆಕೆಂಡು ತಿಕ್ಕಿ ತೊಳೆಯಬೇಕು. ಬಫೆಯ ಸೌಟನ್ನು ಎಲ್ಲರೂ ಮುಟ್ಟಿರುತ್ತಾರೆ. ಬಡಿಸಿಕೊಂಡು ಬಂದವರು ಮತ್ತೆ ಕೈ ತೊಳೆದು ಮಗುವಿಗೆ ತಿನ್ನಿಸಲಿ. ಓಆರ್‌ಎಸ್ ಪೊಟ್ಟಣ ನಾಲ್ಕು ಇಟ್ಟುಕೊಳ್ಳಿ. ಒಂದು ಲೀಟರಿಗೆ ಅಂತ ಬರೆದಿರುವ ಪೊಟ್ಟಣವನ್ನು ಪೂರ್ತಿ ಒಂದು ಲೀಟರಿಗೇ ಕದಡಬೇಕು, ಲೋಟಕ್ಕೆ ಚಿಟಿಕೆ ಹಾಕುವುದಲ್ಲ. ವಾಂತಿ ಆದರೆ ಹತ್ತು ನಿಮಿಷ ಬಿಟ್ಟು, ಎರಡು ಮೂರು ನಿಮಿಷಕ್ಕೊಂದು ಚಮಚ. ಪ್ರತಿ ಸಲ ಭೇದಿ ಆದ ಮೇಲೆ 50ರಿಂದ 100 ಮಿಲಿ. ಆರು ಗಂಟೆ ಮೂತ್ರ ಆಗದಿದ್ದರೆ, ಅಳುವಾಗ ಕಣ್ಣೀರು ಬರದಿದ್ದರೆ, ಕಣ್ಣು ಗುಳಿಬಿದ್ದು ಮಂಕಾಗಿ ಮಲಗಿದರೆ ಕಾಯಬೇಡಿ. ಹಡಗಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಅಲ್ಲಿರುವುದು ಸಣ್ಣ ಚಿಕಿತ್ಸಾಲಯ, ಶುಲ್ಕವೂ ಇರುತ್ತದೆ. ಪ್ರವಾಸ ವಿಮೆ ಮಾಡಿಸಿ.

ಜ್ವರಕ್ಕೆ ಪ್ಯಾರಾಸಿಟಮಾಲ್ ಸಿರಪ್ ಸಾಕು, ಕಿಲೋ ತೂಕಕ್ಕೆ 15 ಮಿಲಿಗ್ರಾಂ, ಆರು ಗಂಟೆಗೊಮ್ಮೆ. ಆದರೆ ಬಾಟಲಿ ನೋಡಿ. 5 ಮಿಲಿಗೆ 120 ಅಥವಾ 125 ಮಿಲಿಗ್ರಾಂ ಇರುವುದೂ ಸಿಗುತ್ತದೆ, 250 ಇರುವುದೂ ಸಿಗುತ್ತದೆ. ನಾದಿನಿ ಮನೆಯ ಬಾಟಲಿ, ನಿಮ್ಮ ಬಾಟಲಿ ಎರಡೂ ಚೀಲದಲ್ಲಿದ್ದರೆ ಎರಡು ಪಟ್ಟು ಹೋಗಿಬಿಡುತ್ತದೆ. ಒಂದೇ ಬಾಟಲಿ ಇರಲಿ, ಎಷ್ಟು ಮಿಲಿ ಅಂತ ಅದರ ಮೇಲೆಯೇ ಬರೆದಿಡಿ. ನೆಗಡಿ ಕೆಮ್ಮಿನ ಸಿರಪ್ ಬೇಡವೇ ಬೇಡ. 16ರಿಂದ 24 ತಿಂಗಳೊಳಗೆ ದಡಾರ–ರುಬೆಲ್ಲಾದ ಎರಡನೇ ಡೋಸ್, ಡಿಪಿಟಿ ಬೂಸ್ಟರ್ ಹಾಕಿಸಬೇಕು. ಮಗನದ್ದು ಬಾಕಿ ಇದ್ದರೆ ಹೊರಡುವುದಕ್ಕೆ ಎರಡು ವಾರ ಮೊದಲೇ ಮುಗಿಸಿ. ಫ್ಲೂ ಲಸಿಕೆ ಮೊದಲ ಸಲ ಅಂದರೆ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್, ಹಾಗಾಗಿ ಅದನ್ನು ಡಿಸೆಂಬರಿನಲ್ಲೇ ಶುರು ಮಾಡಿ.

ನಮ್ಮ ಕಡೆಯವರಿಗೆ ಮಾತ್ರ ಒಂದು ಮಾತು. ಫೆಬ್ರವರಿ ಅಂದರೆ ಮಂಗನ ಕಾಯಿಲೆಯ ಕಾಲ. ನಿಮ್ಮ ಮನೆ ಕಾಡಂಚಿನಲ್ಲಿದ್ದು, ಊರು ಬಿಟ್ಟ ಒಂದು ವಾರದೊಳಗೆ ಮನೆಯ ಯಾರಿಗಾದರೂ ಜೋರು ಜ್ವರ, ಮೈಕೈ ನೋವು ಬಂದರೆ ಸುಮ್ಮನೆ ಜ್ವರ ಅಂತ ಬಿಡಬೇಡಿ. ತೀರ್ಥಹಳ್ಳಿ ಕಡೆಯಿಂದ ಬಂದವರು, ಅಲ್ಲಿ ಉಣ್ಣಿಯಿಂದ ಬರುವ ಕಾಯಿಲೆ ಇದೆ ಅಂತ ಡಾಕ್ಟರಿಗೆ ಹೇಳಿ. ಹೊರಗಿನ ಡಾಕ್ಟರಿಗೆ ಅದು ಹೊಳೆಯುವುದಿಲ್ಲ.

ಕೊನೆಗೆ ನಿಮ್ಮ ವಿಷಯ. ಮಕ್ಕಳನ್ನು ಆಡಿಸುವ ಕೋಣೆ ಹಡಗಿನಲ್ಲಿರುತ್ತದೆ, ಆದರೆ ಮೂರು ವರ್ಷದ ಒಳಗಿನವರನ್ನು ಹೆತ್ತವರಿಲ್ಲದೆ ಸೇರಿಸಿಕೊಳ್ಳುವುದು ಅಪರೂಪ. ರಾತ್ರಿ ಎಂಟಕ್ಕೆ ಮಗು ಮಲಗುತ್ತದೆ. ಎಲ್ಲರೂ ಹಾಡು, ಕುಣಿತ ನೋಡಲು ಹೋಗುತ್ತಾರೆ. ಕತ್ತಲ ಕ್ಯಾಬಿನ್ನಿನಲ್ಲಿ ಮಗುವಿನ ಜೊತೆ ಉಳಿಯುವುದು ಯಾರು? ಏನೂ ಮಾತಾಡದೆ ಹೋದರೆ ಎರಡೂ ರಾತ್ರಿ ನೀವೇ ಉಳಿಯುತ್ತೀರಿ. ಮನೆಯಲ್ಲೇ ಇದ್ದುಬಿಡಲಾ ಅಂತ ನಿಮಗೆ ಅನ್ನಿಸಿದ್ದರಲ್ಲಿ ಇದೂ ಸ್ವಲ್ಪ ಇರಬಹುದು. ಅದಕ್ಕೇ ಟಿಕೆಟ್ ಬುಕ್ ಆಗುವ ಮೊದಲೇ ಯಜಮಾನರ ಹತ್ತಿರ ಕೂತು ಮಾತಾಡಿ. ಮೊದಲ ರಾತ್ರಿ ಅವರು, ಎರಡನೇ ರಾತ್ರಿ ನೀವು. ಅತ್ತೆ ಮಾವನಿಗೆ ಪಕ್ಕದ ಕ್ಯಾಬಿನ್ನೇ ಸಿಗುವ ಹಾಗೆ ನೋಡಿಕೊಳ್ಳಿ. ಬೆಳಿಗ್ಗೆ ಐದೂವರೆಗೆ ಎದ್ದು ಅಭ್ಯಾಸ ಇರುವ ಮಾವನಿಗೆ ಮೊಮ್ಮಗನನ್ನು ಒಪ್ಪಿಸಿ, ಏಳೂವರೆವರೆಗೆ ನೀವು ಮಲಗಿ. ನಮ್ಮ ಯಜಮಾನರು ಎರಡೂ ಬೆಳಿಗ್ಗೆ ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಡೆಕ್ಕಿನಲ್ಲಿ ಸೂರ್ಯ ಹುಟ್ಟುವುದನ್ನು ತೋರಿಸಿದರು. ಅವಳು ಅದನ್ನು "ದೊಡ್ಡ ಕಿತ್ತಳೆ" ಅಂತ ಕರೆದಳಂತೆ. ಅವರು ಈಗಲೂ ಬಂದವರಿಗೆಲ್ಲ ಅದನ್ನು ಹೇಳುತ್ತಿರುತ್ತಾರೆ.

ಹೊರಡುವುದಕ್ಕೆ ಒಂದು ತಿಂಗಳ ಮೊದಲು ಒಂದು ಭಾನುವಾರ ಮಲ್ಪೆಗೆ ಹೋಗಿ ಬನ್ನಿ. ಆಗುಂಬೆ ಇಳಿದು, ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪದ ಬೋಟು ಹತ್ತಿ. ಅದು ಹಡಗಿಗಿಂತ ಜಾಸ್ತಿ ಅಲುಗಾಡುತ್ತದೆ. ಅದರಲ್ಲಿ ಮಗ ಅಲೆ ನೋಡುತ್ತಾ ಕೂತರೆ ನಿಮ್ಮ ಅರ್ಧ ಚಿಂತೆ ಅಲ್ಲೇ ಹೋಗುತ್ತದೆ. ಚೀಲದ ಪಾಳಿಯನ್ನೂ ಅವತ್ತೇ ಮಾಡಿ ನೋಡಿ, ಮೊದಲ ಪಾಳಿ ಅವನ ಅಪ್ಪನದ್ದಾಗಿರಲಿ.